ಬಳೆಯ ಸಪ್ಪಳ

ಮಾಳಮಡ್ಡಿಯ ನಮ್ಮ ಮನೆಯಲ್ಲಿ ಸೊಸೆ ಮಾವನೊಂದಿಗೆ ಮಾತಾಡುವ ಪದ್ಧತಿ ಇರಲಿಲ್ಲ. ನನ್ನ ಹೆಂಡತಿ ಮಂದಾಕಿನಿ ಬಂದು ಒಂಬತ್ತು ವರ್ಷವಾಗಿದ್ದರೂ ನನ್ನ ತಂದೆ ಯಜ್ಞೇಶ್ವರ ಮಾಸ್ತರರ ಕಿವಿಗೆ ಅವಳ ದನಿ ಬಿದ್ದಿರಲಿಲ್ಲ. ಹೇಳುವುದೇನಿದ್ದರೂ ನನ್ನ ತಾಯಿ ಗೋದಾಬಾಯಿಯ ಮುಖಾಂತರ. ತಾಯಿ ಇಲ್ಲದಾಗ ಮಂದಾಕಿನಿ ಅಡಿಗೆಮನೆಯ ಬಾಗಿಲ ಚೌಕಟ್ಟಿಗೆ ಕೈಬಳೆ ತಾಗಿಸಿ ಸಪ್ಪಳ ಮಾಡುತ್ತಿದ್ದಳು. ಎಲೆ ಹಾಕಿದೆ, ಊಟಕ್ಕೆ ಏಳಬೇಕು ಎಂದು ಅದರರ್ಥ. ಚೌಕಟ್ಟಿನ ಆ ಜಾಗದಲ್ಲಿ ಬಣ್ಣ ಹೋಗಿ ಕಟ್ಟಿಗೆ ಕಾಣುತ್ತಿತ್ತು.

ತಂದೆ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಂಥ ಕಥೆಗಳಲ್ಲಿ ಮಾವನನ್ನು ರಾಕ್ಷಸನನ್ನಾಗಿ ಮಾಡಿ ಉಳಿದವರೆಲ್ಲ ಪಾರಾಗಿಬಿಡುತ್ತೇವೆ. ಸೊಸೆಗೆ ಕೇಳಲೆಂದೇ ಅವರು ಸಂಜೆ ಪುರಾಣವನ್ನು ಗಟ್ಟಿಯಾಗಿ ಓದುತ್ತಿದ್ದರು. ಮೂವತ್ತು ವರ್ಷ ಸಾಲೆಯಲ್ಲಿ ಹುಡುಗರಿಗೆ, ಕಂಡದ್ದನ್ನು ಬಾಯಿ ಬಿಟ್ಟು ಹೇಳಿ ಎಂದು ಗದರಿಸಿದವರು. ನಾನಂತೂ ಸುಧಾರಕ. ಹುಬ್ಬಳ್ಳಿಯಲ್ಲಿ ಮಾಸ್ತರಿಕೆ, ರವಿವಾರಕ್ಕೊಮ್ಮೆ ಸ್ತ್ರೀಶಿಕ್ಷಣದ ಮೇಲೆ ಭಾಷಣ. ಮನೆಯಲ್ಲಿ ಮಾತ್ರ ಒಂದೇ ಸಲ ಈ ವಿಷಯ ತೆಗೆದಿದ್ದೆ.

"ಅಪ್ಪಾ, ಮಂದಾಕಿನಿ ನಿಮ್ಮ ಮುಂದ ಮಾತಾಡಿದರ ಏನು ತಪ್ಪು?"

"ತಪ್ಪು ಅಂತ ಯಾರಂದರು? ನಮ್ಮವ್ವ ನಮ್ಮಜ್ಜನ ಮುಂದ ಮಾತಾಡಲಿಲ್ಲ, ನಿಮ್ಮವ್ವ ನಮ್ಮಪ್ಪನ ಮುಂದ ಮಾತಾಡಲಿಲ್ಲ. ಅದರಿಂದ ಯಾರದೇನು ಕೆಟ್ಟದ?"

"ಏನರೆ ಅಡಚಣಿ ಬಂದರ?"

"ನಿಮ್ಮವ್ವ ಇದ್ದಾಳಲ್ಲ."

ಅಲ್ಲಿಗೆ ನನ್ನ ಸುಧಾರಣೆ ಮುಗಿಯಿತು.

೧೯೩೬ರ ಚಳಿಗಾಲ. ತಂದೆಯ ಸಕ್ಕರೆ ರೋಗ ಹಳೆಯದು. ಆ ವರ್ಷ ಕಾಲುಗಳು ಬಹಳ ಸೆಳೆಯತೊಡಗಿದವು. ಸಂಜೆಗೊಮ್ಮೆ ಇಟ್ಟಿಗೆಯೊಂದನ್ನು ಒಲೆಯ ಬಗಲಿಗೆ ಕಾಸಿ, ಕಂಬಳಿಯ ನಾಲ್ಕು ಪದರಿನಲ್ಲಿ ಸುತ್ತಿ, ಪಾದಕ್ಕೆ ಶೇಕ ಕೊಡುವುದು ರೂಢಿಯಾಯಿತು. ತಾಯಿ ಆಗಾಗ ಕೈಯಿಟ್ಟು ನೋಡಿ, ಸಾಕು ಎಂದು ತೆಗೆದುಬಿಡುತ್ತಿದ್ದಳು. ಒಂದು ದಿನ ಆಕೆ ತಮ್ಮನ ಮಗಳ ಲಗ್ನಕ್ಕೆಂದು ಗದಗಿಗೆ ಹೋದಳು.

ಆ ಸಂಜೆ ಮಂದಾಕಿನಿ ಇಟ್ಟಿಗೆ ತಂದಿಟ್ಟಳು. ಗೋಡೆಯತ್ತ ಮುಖ ಮಾಡಿ ಮಲಗಿದ್ದ ತಂದೆ ಗೋಡೆಗೇ ಹೇಳಿದಂತೆ ಹೇಳಿದರು: "ಬಿಸೀನ ತಾಗವಲ್ಲದು. ಕಂಬಳಿ ತಗದು ಒಂದು ತೆಳ್ಳನ ಅರಿವಿ ಸುತ್ತಿದರ ಆಗತಿತ್ತು." ಅವಳು ಹಾಗೆಯೇ ಮಾಡಿ ಒಳಗೆ ಹೋದಳು. ಅನ್ನ ಬಸಿದು ಬಂದು ನೋಡಿದರೆ ಹಿಮ್ಮಡ ಕೆಂಪಾಗಿತ್ತು. ಚೌಕಟ್ಟಿಗೆ ಬಳೆ ತಾಗಿಸಿದಳು.

"ಊಟ ಆಮ್ಯಾಲೆ. ಈಗ ಕಾಲಿಗೆ ಹಿತ ಅನಸಲಿಕ್ಕೆ ಹತ್ತೇದ," ಎಂದರು ತಂದೆ.

ಮತ್ತೊಮ್ಮೆ ತಾಗಿಸಿದಳು.

"ಹಸಿವಿಲ್ಲ ಅಂದೆನಲ್ಲ."

ಮೂರನೆಯ ಸಲ ಎಷ್ಟು ಜೋರಾಗಿ ಬಡಿದಳೆಂದರೆ ಒಂದು ಬಳೆ ಒಡೆದು ಬಿತ್ತು. ಅಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಆಗ ಮಂದಾಕಿನಿ ಓಡಿ ಬಂದು ತಾನೇ ಇಟ್ಟಿಗೆ ಎಳೆದು ತೆಗೆದಳು. ಹಿಮ್ಮಡದ ತೊಗಲು ಬೆಳ್ಳಗಾಗಿ ಮೇಲೆದ್ದಿತ್ತು, ಮಲಗಿದವರು ಮಿಸುಕಲೂ ಇಲ್ಲ.

ನಾನು ರೈಲಿನಿಂದ ಇಳಿದು ಮನೆಗೆ ಬಂದಾಗ ಅವಳು ಅಂಗಳದಲ್ಲೇ ನಿಂತಿದ್ದಳು. "ಮಾವನವರ ಹಿಮ್ಮಡ ಸುಟ್ಟದರಿ. ಅವರಿಗೆ ಗೊತ್ತೇ ಆಗಿಲ್ಲ. ನೀವರೆ ನೋಡ್ರಿ."

ನನ್ನ ಕೈಯಲ್ಲಿ ರವಿವಾರದ ಭಾಷಣದ ಹಾಳೆಗಳಿದ್ದವು. ಹೊಸ್ತಿಲಲ್ಲಿ ನಿಂತೇ ಕೇಳಿದೆ: "ಅಪ್ಪಾ, ಕಾಲು ನೋಯತದೇನು?"

"ಇಲ್ಲ, ಇವತ್ತ ಹಗುರ ಅನಸತದ."

ಮಂದಾಕಿನಿಯ ಕಡೆ ತಿರುಗಿ, "ಏನೂ ಆಗಿಲ್ಲ ಅಂತಾರ. ಅವ್ವ ಬಂದ ಮ್ಯಾಲೆ ಹೇಳಸು," ಎಂದೆ. ಅವಳು ಕಣ್ಣಾರೆ ಕಂಡದ್ದಕ್ಕಿಂತ ಅವರಿಗೆ ಅನಿಸಿದ್ದೇ ನನಗೆ ಖರೆಯಾಯಿತು. ಈ ಪಾಪ ನನ್ನದು, ಪದ್ಧತಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳಲಾರೆ.

ಐದನೆಯ ದಿನ ತಾಯಿ ಬಂದು ಧೋತರ ಸರಿಸಿ ನೋಡಿದಾಗ ಹಿಮ್ಮಡ ಕಪ್ಪಾಗಿತ್ತು. ಓಣಿಯ ಡಾಕ್ಟರ ಅಬ್ದುಲಗನಿಯವರು ಬಂದರು. ಒಂದು ಟಾಚಣಿಯ ಮೊನೆಯಿಂದ ಅಂಗಾಲು ಚುಚ್ಚಿದರು. ತಂದೆಗೆ ತಿಳಿಯಲಿಲ್ಲ.

"ಮಾಸ್ತರರ, ಈ ಕಾಲಿಗೆ ಅರವು ಇಲ್ಲರಿ, ಚುಚ್ಚಿದರೂ ಸುಟ್ಟರೂ ತಿಳಿಯೂದಿಲ್ಲ. ಅರವಿಲ್ಲದ ಕಾಲಿಗೆ ಶೇಕ ಕೊಡಲೇಬಾರದು. ಅರವಿದ್ದವರಿಗೂ ದಪ್ಪ ಅರಿವಿ ಸುತ್ತಿ, ಕೊಡೋರು ತಮ್ಮ ಮುಂಗೈ ಒಳಮೈಗೆ ಹಚ್ಚಿ ನೋಡಿ, ಹತ್ತು ಹದಿನೈದು ನಿಮಿಷ ಕೊಡಬೇಕು. ನಡುನಡುವ ತೊಗಲು ನೋಡಬೇಕು. ಶೇಕ ಇಟಗೊಂಡು ನಿದ್ದಿ ಹೋಗಬಾರದು. ಕೆಂಪಾದದ್ದು ಯಾರೂ ನೋಡಲಿಲ್ಲೇನ್ರಿ?"

ತಂದೆ ಅಡಿಗೆಮನೆಯ ಕಡೆ ತಿರುಗಿದರು. ಒಂಬತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಹೆಸರು ಹಿಡಿದು ಕರೆದರು. "ಮಂದಾಕಿನೀ, ನೀ ನೋಡಿದ್ದಿ ಏನವಾ?"

ಒಳಗಿನಿಂದ ಬಳೆ ಸಪ್ಪಳವಾಯಿತು.

ತಂದೆಯ ಮುಖ ಇಳಿದುಹೋಯಿತು. "ಬಾಯಿಂದ ಹೇಳು," ಎಂದರು.

ಅವಳು ಬಾಗಿಲಿಗೆ ಬಂದು ನಿಂತಳು. "ನೋಡಿದ್ದೆರಿ. ಮೂರು ಸಲ ಸಪ್ಪಳ ಮಾಡಿದೆ. ನೀವು ಊಟಕ್ಕ ಕರದಳು ಅಂತ ತಿಳಕೊಂಡ್ರಿ."

ಡಾಕ್ಟರರು ಪೆಟ್ಟಿಗೆ ಮುಚ್ಚಿಕೊಂಡರು.

ಕಾಲು ತೆಗೆಯಬೇಕೆಂದರು, ಆದರೆ ಅಷ್ಟರಲ್ಲಿ ವಿಷ ಮೇಲೇರಿತ್ತು. ತಂದೆ ಇನ್ನೂ ಹನ್ನೊಂದು ದಿನ ಬದುಕಿದ್ದರು. ಆ ಹನ್ನೊಂದು ದಿನವೂ ಪುರಾಣ ಓದಿದವಳು ಮಂದಾಕಿನಿ, ಕೇಳಿದವರು ಅವರು. ಒಂದು ಸಂಜೆ ಅವಳನ್ನು ನಡುವೆ ತಡೆದು, "ಇಷ್ಟು ವರ್ಷ ಈ ದನಿ ಇದೇ ಮನ್ಯಾಗ ಇತ್ತು," ಎಂದು ಕಣ್ಣು ಒರೆಸಿಕೊಂಡರು. ಅದನ್ನು ನೆನೆದರೆ ನನಗೆ ಇಂದಿಗೂ ಅಳು ಬರುತ್ತದೆ.

ಸೂತಕದ ದಿನಗಳು ಮುಗಿಯುವ ಮೊದಲೇ ಬಂದ ಹಿರಿಯ ಹೆಂಗಸೊಬ್ಬರು ಪಡಸಾಲೆಯಲ್ಲಿ ಎಲ್ಲರಿಗೂ ಕೇಳುವಂತೆ ಅಂದರು: "ಸೊಸಿ ಮಾವನ ಮುಂದ ಬಾಯಿ ತಗದಳಂತ. ಮನಿ ಯಜಮಾನ ಉಳದಾನು ಹ್ಯಾಂಗ?"

ನಾನು ಬಾಯಿ ತೆರೆಯುವಷ್ಟರಲ್ಲಿ ಮೂಲೆಯಿಂದ ತಾಯಿ ಮಾತಾಡಿದಳು. ಅವಳ ಕೈಗಳು ಬಳೆಯಿಲ್ಲದೆ ಬರಿದಾಗಿದ್ದವು.

"ಆಕಿ ಬಾಯಿ ತಗದದ್ದಕ್ಕ ಅವರು ಹೋಗಲಿಲ್ಲ. ಆಕಿ ಬಾಯಿ ತಗೀಲಿಕ್ಕೆ ನಾವು ಒಂಬತ್ತು ವರ್ಷ ತಡಾ ಮಾಡಿದಿವಿ, ಅದಕ್ಕ ಹೋದರು."

ಆ ಹೆಂಗಸು ತಲೆ ತಗ್ಗಿಸಿದರು. ತಾಯಿ ಮೊಣಕಾಲು ಹಿಡಿದುಕೊಂಡು ಒಳಗಿನ ಕಡೆ ನೋಡಿ ಕೂಗಿದಳು: "ಮಂದಾಕಿನೀ, ನನ್ನ ಮೊಣಕಾಲಿಗೆ ಒಂದೀಟು ಶೇಕ ಕೊಡವಾ. ನಿನ್ನ ಮುಂಗೈಗೆ ಹಚ್ಚಿ ನೋಡು. ಬಿಸಿ ಹೆಚ್ಚಾದರ ನಾ ಹೇಳತೇನಿ, ತೊಗಲು ಕೆಂಪಾದರ ನೀ ಹೇಳು. ಎಲ್ಲಾರಿಗೂ ಕೇಳೋಹಂಗ ಹೇಳು."

ಮಂದಾಕಿನಿ ಅರಿವೆ ಮಡಚಿಕೊಂಡು ಬಂದು ಎಲ್ಲರ ನಡುವೆ ಕೂತಳು. ನಾನು ಎದ್ದು ಒಳಗೆ ಹೋಗಿ ಆ ರವಿವಾರದ ಭಾಷಣದ ಹಾಳೆಗಳನ್ನು ಒಲೆಗೆ ಹಾಕಿದೆ.