ಹೆಣ ಇಳಿಸುವ ಹಲಗೆ

ಅಂದು ಬೆಳಿಗ್ಗೆ ಚಹದ ಬಟ್ಟಲು ಹಿಡಿದು ಮಹಡಿ ಹತ್ತಿದ ಡಾರ್ಕಸಳಿಗೆ ಗಂಡ ರೂಬೆನ್ ಗೋಡೆಯ ಕಡೆ ಮುಖ ಮಾಡಿ ಮಲಗಿರುವುದು ಕಂಡಿತು. ಕೂಗಿದಳು. ಹೆಗಲು ಮುಟ್ಟಿದಳು. ಮೈ ತಣ್ಣಗಾಗಿತ್ತು. ಅವನ ಕಣ್ಣು ಮುಚ್ಚಿ ಪ್ರಭುವಿನ ಹೆಸರು ಹೇಳುತ್ತಿರುವಾಗ ಕಾಲ ಕೆಳಗಿನ ತೊಲೆಯೊಳಗಿಂದ ಆ ಸದ್ದು ಬಂತು: ಟಿಕ್, ಟಿಕ್, ಟಿಕ್.

ವಾರವಿಡೀ ಕೇಳಿದ ಸದ್ದು ಅದು. ಹಳೆಯ ಓಕ್ ಮರದ ತೊಲೆ ಹಾಗೆ ಬಡಿದರೆ ಮನೆಯಲ್ಲಿ ಸಾವು ಎಂದು ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಸಾವು ಬಂದ ಮೇಲೂ ಬಡಿಯುವುದೇಕೆ? ಇನ್ನು ಯಾರಿಗಾಗಿ?

ಮಧ್ಯಾಹ್ನ ರೂಬೆನ್‌ನ ತಮ್ಮ ಜೇಬೆಜ್ ಬಂದ. ಅಳತೆ ತೆಗೆಯಲು ಏಮಸ್ ಬಂದ. ಆ ಊರಿನಲ್ಲಿ ಮನೆಗೂ ಶವಪೆಟ್ಟಿಗೆಗೂ ಅವನೊಬ್ಬನೇ ಬಡಗಿ.

ಆ ಮನೆಯನ್ನು ಒಬ್ಬರು ಕಟ್ಟಿದ್ದಲ್ಲ. ಮೊದಲು ಮಣ್ಣಿನ ಗೋಡೆಗಳ ನಡುವೆ, ನೆಲದಿಂದ ಹುಲ್ಲಿನ ಮಾಡಿನವರೆಗೆ ಒಂದೇ ಕೋಣೆ, ಮಧ್ಯದಲ್ಲಿ ಬೆಂಕಿ. ಆ ಕಾಲದ ಮಸಿ ಒಳಹುಲ್ಲಿಗೆ ಈಗಲೂ ಅಂಟಿತ್ತು. ಆಮೇಲೆ ಯಾರೋ ಚಿಮಣಿ ಎಬ್ಬಿಸಿದರು. ಹೊಗೆ ಹೋಯಿತೆಂದು ಇನ್ಯಾರೋ ಮಹಡಿ ಹಾಸಿದರು. ಮಹಡಿಗೆ ಮೆಟ್ಟಿಲು ಬೇಕಲ್ಲ. ಚಿಮಣಿಯ ಪಕ್ಕದ ಸಂದಿಗೆ ಸುತ್ತಿ ಸುತ್ತಿ ತುರುಕಿದರು. ಬದುಕಿದವರು ಬಗ್ಗಿ ಹತ್ತಿ ಇಳಿಯಬಹುದು, ಪೆಟ್ಟಿಗೆ ಅಲ್ಲಿ ತಿರುಗಲಾರದು. ಅದಕ್ಕೇ ಮಲಗುವ ಕೋಣೆಯ ನೆಲದಲ್ಲಿ ಕೆಲವು ಹಲಗೆಗಳಿಗೆ ಮೊಳೆ ಹೊಡೆದಿರಲಿಲ್ಲ. ಅವನ್ನು ಎತ್ತಿ, ಪೆಟ್ಟಿಗೆಯನ್ನು ಹಗ್ಗದಿಂದ ಕೆಳಗಿಳಿಸಿ, ಮುಂಬಾಗಿಲಿನಿಂದ ಒಯ್ಯುವುದು ವಾಡಿಕೆ. ಕಿಟಕಿಯಿಂದ ಹೋದವರು ಕಿಟಕಿಯಿಂದಲೇ ಮರಳಿ ಬರುತ್ತಾರೆ ಎಂದು ಡಾರ್ಕಸಳಿಗೆ ಅತ್ತೆ ಹೇಳಿದ್ದಳು. ಗಂಡ ಬಾಗಿಲಿನಿಂದ ಹೋಗಬೇಕು, ಹೋಗಿ ನೆಮ್ಮದಿಯಾಗಿರಬೇಕು. ಅವಳಿಗೆ ಬೇಕಾದದ್ದು ಅಷ್ಟೇ.

ಏಮಸ್ ಕೆಳಗೆ ಒಲೆಯ ಮುಂದೆ ಸ್ಟೂಲು ಹತ್ತಿ, ಮಹಡಿ ಹೊತ್ತ ತೊಲೆಯ ತುದಿಗೆ ಚೂರಿ ಒತ್ತಿದ. ಅದು ಹಿಡಿಯವರೆಗೂ ಒಳಗೆ ಹೋಯಿತು.

"ಮಹಡಿ ಹಾಸಿದ ಪುಣ್ಯಾತ್ಮ ತೊಲೆ ಕತ್ತರ್ಸಿ ಚಿಮಣಿ ಇಟ್ಟಿಗೆ ಮೇಲೆ ಕೂರಿಸವ್ನೆ. ಆ ತುದಿನೇ ಹಿಟ್ಟಾಗೈತೆ. ಟಿಕ್ ಟಿಕ್ ಅನ್ನೋದು ಸಾವಲ್ಲ ಕಣಕ್ಕ, ಮರ ತಿನ್ನೋ ಹುಳ. ಹಲಗೆ ಎತ್ತಿ ಪೆಟ್ಟಿಗೆ ಇಳಿಸೋಕಾಗಲ್ಲ, ಕಿಟಕಿನೇ ಗತಿ."

"ನಮ್ಮಪ್ಪ ಇಲ್ಲಿಂದ್ಲೇ ಇಳ್ದ, ಅವ್ವನೂ ಇಳಿದ್ಲು," ಎಂದು ಜೇಬೆಜ್ ಸಿಡುಕಿದ. "ಒಂದು ಕಂಬ ಕೊಟ್ರಾಯ್ತಪ್ಪ."

"ಕಂಬ ನಿಲ್ಲೋದೂ ಪೆಟ್ಟಿಗೆ ಇಳಿಯೋದೂ ಒಂದೇ ಜಾಗ. ನಿಮ್ಮಪ್ಪ ಕೊಕ್ಕರೆ ಹಂಗಿದ್ದ, ರೂಬೆನಣ್ಣ ಸೇಬಿನ ಹೆಂಡದ ಪೀಪಾಯಿ. ಮೇಲೆ ನೀವೆಲ್ಲ ನಿಂತು ಹಗ್ಗ ಬಿಟ್ರೆ ನಂಗೆ ಊರಿಗೆಲ್ಲ ಪೆಟ್ಟಿಗೆ ಮಾಡೋ ಕೆಲಸ. ನಿನ್ನ ನಾಲಿಗೆಗೇ ಬೇರೆ ಒಂದು."

"ಅತ್ತಿಗೇ, ನೀನೇ ಹೇಳು! ಅಣ್ಣ ಕಳ್ಳನ ಹಂಗೆ ಕಿಟಕಿ ಹಾರಿ ಹೋಗ್ಬೇಕಾ?"

ಉತ್ತರಕ್ಕೆ ಕಾಯದೆ ಜೇಬೆಜ್ ದಡದಡನೆ ಮೇಲೆ ಹೋಗಿ ಒಂದು ಹಲಗೆ ಮೀಟಿದ. ಸಂದಿಯಿಂದ ಕಂದು ಪುಡಿ ಸುರಿದು ಕೆಳಗಿದ್ದ ಡಾರ್ಕಸಳ ಮುಖಕ್ಕೆ ಬಿತ್ತು. ತೊಲೆ ನರಳಿತು. ಟಿಕ್ ಟಿಕ್ ಥಟ್ಟನೆ ನಿಂತಿತು. ಕೇಳುವಾಗ ಇಲ್ಲದಷ್ಟು ಭಯ ಅದು ನಿಂತಾಗ ಹುಟ್ಟಿತು. ಮನೆ ಉಸಿರು ಹಿಡಿದು ಕಾಯುತ್ತಿದೆ ಎನಿಸಿತು.

"ಇಳಿ ಜೇಬೆಜ್, ಇಳಿಯೋ! ನಿಮ್ಮಣ್ಣ ಕಿಟಕಿಯಿಂದ್ಲೇ ಹೋಗ್ಲಿ. ವಾಪಸ್ ಬಂದ್ರೆ ನಾನು ನೋಡ್ಕೋತೀನಿ. ಈ ಮನೆಗೆ ನಾನು ಇನ್ನೊಬ್ರನ್ನ ಕೊಡಲ್ಲ."

ಮಣ್ಣು ಮಾಡುವ ದಿನ ಏಮಸ್ ಕಿಟಕಿಯ ನಡುಗಂಬ ಕೊಯ್ದು, ಅದರ ಕೆಳಗಿನ ಮಣ್ಣಿನ ಗೋಡೆ ಒಡೆದು, ಎರಡು ಏಣಿ ಒರಗಿಸಿದ. ಪೆಟ್ಟಿಗೆ ಅರ್ಧ ಹೊರಗೆ ಬಂದು ಸಿಕ್ಕಿಕೊಂಡಿತು. ಒಳಗಿದ್ದವರು ತಳ್ಳಿದರು, ಏಣಿಯ ಮೇಲಿದ್ದವರು ಎಳೆದರು. ರೂಬೆನ್‌ಗೆ ಹೋಗಲು ಮನಸ್ಸಿಲ್ಲವೇನೋ ಎಂದು ಅಂಗಳದಲ್ಲಿ ನಿಂತ ಡಾರ್ಕಸ್ ಕಣ್ಣು ಮುಚ್ಚಿದಳು. ತೆರೆದಾಗ ಅವನು ನೆಲ ಮುಟ್ಟಿದ್ದ. ಜೇಬೆಜ್ ಅವಳ ಮುಖ ನೋಡಲಿಲ್ಲ.

ಸಂಜೆ ಏಮಸ್ ತೊಲೆಗೆ ಕಂಬ ನಿಲ್ಲಿಸಿ, ಕಿಟಕಿಯ ಬಾಯಿಗೆ ಗೋಣಿ ಬಡಿದು ಹೋದ. ಡಾರ್ಕಸ್ ಒಬ್ಬಳೇ ಮೇಲೆ ಹೋಗಿ ಅದರೆದುರು ಕುಳಿತಳು. ಹೊರಗೆ ಗಾಳಿ ಇರಲಿಲ್ಲ. ಆದರೂ ಗೋಣಿ ಒಮ್ಮೆ ಒಳಕ್ಕೆ ಉಬ್ಬಿತು. ಎದ್ದು ನೋಡಲು ಅವಳಿಗೆ ಧೈರ್ಯ ಬರಲಿಲ್ಲ. ಎದ್ದು ಓಡಲು ಮನಸ್ಸೂ ಬರಲಿಲ್ಲ. ಅಲ್ಲೇ ಮಂಡಿಯೂರಿದಳು.

"ಪ್ರಭುವೇ, ಅವನನ್ನು ಆ ದಾರಿಯಲ್ಲಿ ಕಳಿಸಿದವಳು ನಾನು. ತಪ್ಪಿದ್ದರೆ ನನ್ನ ಮೇಲಿರಲಿ. ಕತ್ತಲಲ್ಲಿ ಅವನನ್ನು ಅಲೆಸಬೇಡ, ದಣಿದ ಜೀವ ಅದು. ಕೈ ಹಿಡಿದು ನಿನ್ನ ಬಳಿ ಮಲಗಿಸಿಕೋ. ರೂಬೆನ್‌ಗೆ ಶಾಂತಿ ಕೊಡು. ಆಮೆನ್."