ಕ್ಯಾನ್ಸರ್ ಇಲ್ಲದ ಊರು

ಹಿರೇಬೆಂಚಿಯಲ್ಲಿ ಕ್ಯಾನ್ಸರಿನಿಂದ ಯಾರೂ ಸಾಯುವುದಿಲ್ಲ. ಶಿವ ಆ ಊರಿನ ಮೇಲೆ ಅಷ್ಟು ದಯೆ ಇಟ್ಟಿದ್ದಾನೆ. ಶಹಾಪುರದಿಂದ ಕಾಲುವೆಯ ದಂಡೆ ಹಿಡಿದು ಹೋದರೆ ಸಿಗುವ ಈ ಊರಿನಲ್ಲಿ, ಗಂಟಲು ಕಟ್ಟಿ ತಿಂಗಳುಗಟ್ಟಲೆ ಗುಟುಕು ನೀರಿಗೂ ಪರದಾಡಿದವನು ಕೊನೆಗೆ ಹಾರ್ಟ್ ಫೇಲಾಗಿ ಸಾಯುತ್ತಾನೆ. ಮೊಲೆಯಲ್ಲಿ ಗಂಟಾಗಿ, ಗಂಟು ಹುಣ್ಣಾಗಿ, ಹುಣ್ಣಿನ ವಾಸನೆಗೆ ಮನೆಯವರೇ ಪಡಸಾಲೆಯಲ್ಲಿ ಮಲಗುವಂತಾದ ಹೆಣ್ಣುಮಗಳೂ ಹಾರ್ಟ್ ಫೇಲಾಗಿಯೇ ಸಾಯುತ್ತಾಳೆ. ಇದರಲ್ಲಿ ಸುಳ್ಳೇನೂ ಇಲ್ಲ. ಹೃದಯ ಬಡಿಯುತ್ತಿರುವಾಗಲೇ ಮಣ್ಣಿಗೆ ಹೋದವರನ್ನು ಆ ಊರಿನಲ್ಲಿ ಯಾರೂ ಕಂಡಿಲ್ಲ.

ಮಗು ಹುಟ್ಟಿದಾಗ ಎಲ್ಲ ಊರುಗಳಲ್ಲೂ ಹೆಸರಿಡುತ್ತಾರೆ. ಹಿರೇಬೆಂಚಿಯಲ್ಲಿ ಸತ್ತಾಗಲೂ ಒಂದು ಹೆಸರಿಡುವುದಿದೆ. ಸತ್ತವರಿಗಲ್ಲ, ಅವರ ಬೇನೆಗೆ. ಮಣ್ಣು ಮುಗಿಸಿ, ಮಿಂದು, ಹಣೆಗೆ ವಿಭೂತಿ ಧರಿಸಿಕೊಂಡು ಬಂದ ಹಿರಿಯರು ಸತ್ತವರ ಮನೆಯ ಕಟ್ಟೆಯ ಮೇಲೆ ಕೂಡುತ್ತಾರೆ. ಚಹಾ ಬರುತ್ತದೆ. ಮನೆಯಲ್ಲಿ ಮದುವೆಗೆ ಬಂದವರು ಯಾರು, ಹೆಣ್ಣು ಕೇಳಲು ಬರುವವರು ಎಲ್ಲಿಯವರು ಎಂಬುದನ್ನೆಲ್ಲ ತೂಗಿ ನೋಡಿ ಒಂದು ಮರ್ಯಾದಸ್ಥ ಬೇನೆಯನ್ನು ಗೊತ್ತುಮಾಡುತ್ತಾರೆ. ಆ ಒಂದು ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಎತ್ತಿದರೆ ಅದು ಮನೆ ಹುಡುಕಿಕೊಂಡು ಬರುತ್ತದೆ ಎಂದು ನಂಬಿಕೆ. ಅದು ಬಾರದಿದ್ದರೂ, ಸಂಬಂಧ ಹುಡುಕಿಕೊಂಡು ಬರುವವರಂತೂ ಬರುವುದಿಲ್ಲ.

ಈ ಕೆಲಸದಲ್ಲಿ ಹತ್ತಿ ವ್ಯಾಪಾರಿ ಜಗದೇವಪ್ಪನದು ಎತ್ತಿದ ಕೈ. ಹತ್ತಿಯನ್ನು ಬೆರಳಲ್ಲಿ ಎಳೆದು ನೋಡಿ ದರ ಹೇಳುವಷ್ಟೇ ಸಲೀಸಾಗಿ, ಸತ್ತವರ ಮನೆಯವರ ಮುಖ ನೋಡಿ ಬೇನೆಯ ಹೆಸರು ಹೇಳುತ್ತಿದ್ದ. ದಿನಕ್ಕೆ ಮೂರು ಹೊತ್ತು ಲಿಂಗಪೂಜೆ ಮಾಡುವ ಮನುಷ್ಯ. ಅವನು ಇಟ್ಟ ಹೆಸರನ್ನು ಅನುಮಾನಿಸಿದವರಿಲ್ಲ. ಸ್ವಂತ ಅಣ್ಣ ಶಿವರಾಜಪ್ಪ ಗುಟ್ಕಾ ತಿಂದು ತಿಂದು ಗಂಟಲು ಹೋಗಿ ತೀರಿಕೊಂಡಾಗಲೂ ಹೆಸರಿಟ್ಟವನು ಅವನೇ.

"ಹಾರ್ಟ್ ಅನ್ರಿ. ಮನ್ಯಾಗ ಕಸ್ತೂರಿ ಅದಾಳ" ಅಂದಿದ್ದ.

ಕಸ್ತೂರಿ ಅವನ ಮಗಳು. ಆಗ ಇನ್ನೂ ಹೈಸ್ಕೂಲಿನಲ್ಲಿದ್ದಳು. ದೂರದೃಷ್ಟಿ ಎಂದರೆ ಹೀಗಿರಬೇಕು.

ಈಗ ಕಸ್ತೂರಿಗೆ ಸುರಪುರದ ಸಂಬಂಧ ಕೂಡಿ ಬಂದಿತ್ತು. ಹುಡುಗ ಮಾಸ್ತರ, ಮನೆ ದೊಡ್ಡದು. ನಿಶ್ಚಯಕ್ಕೆ ಶ್ರಾವಣದ ಒಂದು ಸೋಮವಾರ ನೋಡಿದ್ದರು. ಅದೇ ಹೊತ್ತಿಗೆ ಜಗದೇವಪ್ಪನ ಹೆಂಡತಿ ಅನ್ನಮ್ಮ ಸಾರಿಗೆ ಖಾರ ಹಾಕುವುದನ್ನು ಬಿಟ್ಟಳು. ಎಷ್ಟೋ ವರ್ಷಗಳಿಂದ ತಂಬಾಕಿಗೆ ಸುಣ್ಣ ತಿಕ್ಕಿ ಎಡಗಡೆಯ ದವಡೆಯಲ್ಲಿ ಒತ್ತಿಟ್ಟುಕೊಳ್ಳುವ ರೂಢಿ ಅವಳದು. ಆ ಜಾಗದಲ್ಲಿ ಬಿಳಿಯ ಕಲೆಯಾಗಿ, ಕಲೆ ಹುಣ್ಣಾಗಿ, ಹುಣ್ಣು ಮಾಯದೆ ಕೂತಿತ್ತು. ಶಹಾಪುರದ ಹಲ್ಲಿನ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಆಮೇಲೆ ಬ್ಯಾಟರಿ ಆರಿಸಿ, ಕಲಬುರ್ಗಿಯ ದವಾಖಾನೆಗೆ ಚೀಟಿ ಬರೆದುಕೊಟ್ಟಿದ್ದರು.

"ಏನಂದ್ರು?" ಎಂದು ಮನೆಗೆ ಬಂದ ಮೇಲೆ ಜಗದೇವಪ್ಪ ಕೇಳಿದ.

"ಕಲಬುರ್ಗಿಗೆ ಹೋಗಿ ತೋರಸ್ರಿ, ತಡಾ ಮಾಡಬ್ಯಾಡ್ರಿ ಅಂದ್ರು."

"ನಾಳಿ ಹೋಗೂಣು."

"ಆ ದವಾಖಾನಿ ಗೇಟಿನಾಗ ಹೊಕ್ಕವ್ರಿಗಿ ಮಂದಿ ಏನಂತಾರ ಅಂತ ನಿಮಗ ಗೊತ್ತಿಲ್ಲೇನು? ನಾ ಅಲ್ಲಿ ಬಸ್ ಇಳಿಯೂದ್ರಾಗ ಸುರಪುರಕ್ಕ ಸುದ್ದಿ ಮುಟ್ಟಿರತದ. ನಿಶ್ಚಯ ಆಗೂತನಾ ನಾ ಹೋಗಂಗಿಲ್ಲ."

"ನಿಶ್ಚಯ ಆದಮ್ಯಾಲ ಬರ್ತೀ?"

"ಮದವಿ ಆಗಬೇಕಲ್ಲ."

"ಮದವಿ ಆದಮ್ಯಾಲ?"

"ಚೊಚ್ಚಲ ಬಾಣಂತನ ಯಾರ ಮಾಡತಾರ, ನೀವ?"

ಮರ್ಯಾದೆಯ ಪಾಠವನ್ನು ಅವಳು ಗಂಡನಿಂದಲೇ ಕಲಿತಿದ್ದಳು.

ಅನ್ನಮ್ಮನೇ ಒಂದು ದಾರಿ ಹೇಳಿದಳು. ಯಾವುದೋ ಧರ್ಮಸಂಸ್ಥೆಯವರು ತಪಾಸಣೆಯ ಬಸ್ಸು ಕಳಿಸುತ್ತಾರಂತೆ. ವಾರಕ್ಕೊಮ್ಮೆ ಊರಿಗೆ ಬಂದು ನಿಲ್ಲುತ್ತದಂತೆ. ಬಾಯಿ, ಹಲ್ಲು, ಗಂಟಲು, ಹೆಂಗಸರ ಬೇನೆ ಎಲ್ಲ ಅದರೊಳಗೇ ನೋಡುತ್ತಾರಂತೆ. "ಅದು ಬಂದ್ರ ನಾ ಹತ್ತತೀನಿ. ಊರ ಮಂದಿಯೆಲ್ಲಾ ಹತ್ತತಾರ. ಹಲ್ಲು ತೋರಸಾಕ ಬಂದೀನಿ ಅಂದ್ರ ಮುಗೀತು."

ಜಗದೇವಪ್ಪ ಮರುದಿನವೇ ಯಾದಗಿರಿಯ ಬಸ್ಸು ಹತ್ತಿದ. ಸಂಸ್ಥೆಯ ಕಚೇರಿಯಲ್ಲಿ ಮಲ್ಲಿನಾಥ ಎಂಬ ಅಧಿಕಾರಿಯಿದ್ದ. ಚಿಕ್ಕ ವಯಸ್ಸು, ದೊಡ್ಡ ಕಂಪ್ಯೂಟರ್. ಹಿರೇಬೆಂಚಿ ಎಂಬ ಹೆಸರು ಕೇಳುತ್ತಲೇ ಕುರ್ಚಿಯಿಂದ ಎದ್ದು ಕೈ ಮುಗಿದ.

"ನೀವ ಆ ಊರವ್ರಾ? ಕುಂದರ್ರಿ, ಕುಂದರ್ರಿ. ನಿಮ್ಮೂರ ಬಗ್ಗೆ ದಿಲ್ಲಿತನಾ ಮಾತ ನಡದದ."

ಅವನು ಪರದೆಯ ಮೇಲೆ ಗೆರೆಗಳನ್ನು ತೋರಿಸಿದ. ಮೇಲಿನದು ಇಡೀ ದೇಶದ್ದು: ಲಕ್ಷ ಮಂದಿಯಲ್ಲಿ ವರ್ಷಕ್ಕೆ ಇಷ್ಟು ಜನ ಕ್ಯಾನ್ಸರಿನಿಂದ ಸಾಯುತ್ತಾರೆ ಎಂಬ ಗೆರೆ. ಅದರ ಕೆಳಗಿನದು ಸಂಸ್ಥೆಯವರು ಶಹಾಪುರ, ಸುರಪುರ, ವಡಗೇರಾ ಕಡೆ ಮನೆಮನೆಗೆ ಹೋಗಿ, ಸತ್ತವರು ಯಾತರಿಂದ ಸತ್ತರು ಎಂದು ಕೇಳಿಕೊಂಡು ಬಂದು ಎಳೆದದ್ದು. ಎಲ್ಲಕ್ಕಿಂತ ಕೆಳಗೆ ಒಂದು ಗೆರೆ ನೆಲ ಹಿಡಿದು ಮಲಗಿತ್ತು.

"ಇದು ನಿಮ್ಮೂರು. ಹತ್ತು ವರ್ಷದಾಗ ಒಂದ ಸಾವಿಲ್ಲ. ದೇಶದ್ದು ಏರಾಕತ್ತದ, ನಿಮ್ಮದು ಎದ್ದೇ ಇಲ್ಲ. ಖರೇ ಹೇಳ್ರಿ ಸಾವ್ಕಾರ್ರ, ಏನ ತಿಂತೀರಿ ನೀವ? ಜ್ವಾಳದ ರೊಟ್ಟಿ, ಪುಂಡಿಪಲ್ಲೆ ಇದರಿಂದನ ಅಂತ ನಮ್ಮ ಸಾಹೇಬ್ರು ಒಂದು ಲೇಖನ ಬರಿಯಾಕತ್ತಾರ."

"ಶಿವನ ದಯಾರಿ" ಎಂದ ಜಗದೇವಪ್ಪ. ಇಂಥ ಹೊತ್ತಿನಲ್ಲಿ ಶಿವನ ಮೇಲೆ ಭಾರ ಹಾಕುವುದು ಅವನಿಗೆ ಅಭ್ಯಾಸ. "ಆದ್ರೂ ಆ ಬಸ್ ಒಂದೀಟು ನಮ್ಮ ಕಡಿ ಕಳಿಸಿದ್ರ…"

"ಆ ಬ್ಯಾನೀನೇ ಇಲ್ಲದ ಊರಿಗಿ ಬಸ್ ಯಾಕ್ರಿ? ಎಲ್ಲಿ ದೇಶಕ್ಕಿಂತ ಹೆಚ್ಚು ಸಾಯತಾರ, ಅಲ್ಲಿಗಿ ಮೊದಲು ಅಂತ ನಮ್ಮ ನಿಯಮ ಅದ. ಆದ್ರ ನೀವ ಬರಿಗೈಲೆ ಹೋಗಬ್ಯಾಡ್ರಿ." ಮಲ್ಲಿನಾಥ ಇನ್ನೊಂದು ಚಿತ್ರ ತೆಗೆದ. ಅದರಲ್ಲಿ ಹಿರೇಬೆಂಚಿಯ ಗೆರೆ ದೇಶದ ಗೆರೆಯನ್ನು ಎಲ್ಲೋ ಕೆಳಗೆ ಬಿಟ್ಟು ಮುಗಿಲಿಗೆ ಹತ್ತಿತ್ತು. "ನಿಮ್ಮೂರಾಗ ಹಾರ್ಟಿನ ಸಾವು ಭಾಳ ಅವರಿ. ಇಷ್ಟು ನಾವು ಎಲ್ಲೂ ನೋಡಿಲ್ಲ. ಹಾರ್ಟಿನ ಬಸ್ ಮುಂದಿನ ವಾರಾನ ಕಳಸ್ತೀನಿ."

ಮಾತು ಕೊಟ್ಟಂತೆ ಕಳಿಸಿದ. ಹಸಿರು ಬಣ್ಣದ ಚಂದದ ಬಸ್ಸು. ಊರವರೆಲ್ಲ ಸಾಲಾಗಿ ಒಳಹೊಕ್ಕು, ಮಲಗಿ, ಎದೆಗೆ ವೈರು ಅಂಟಿಸಿಕೊಂಡು, ಎದ್ದು ಬಂದರು. ಸಂಜೆಯ ಹೊತ್ತಿಗೆ ಡಾಕ್ಟರರಿಗೆ ತಲೆ ಕೆಟ್ಟಿತು. ಒಂದು ಹೃದಯವೂ ಕೆಟ್ಟಿರಲಿಲ್ಲ. ಗದ್ದೆಯ ಕೆಸರು ತುಳಿದು, ಹತ್ತಿಯ ಚೀಲ ಹೊತ್ತು ಬೆಳೆದ ಎದೆಗಳು. ಬಂಡಿಯ ಗಾಲಿಯಂತೆ ಗಟ್ಟಿಯಾಗಿದ್ದವು.

ಅನ್ನಮ್ಮನೂ ಮಲಗಿ ಎದ್ದಳು. ನಿಮ್ಮದು ಹರೆಯದವರ ಹಾರ್ಟು ಎಂದು ನರ್ಸಮ್ಮ ನಕ್ಕಳು. ಅನ್ನಮ್ಮ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ಯವ್ವಾ, ಬಾಯಾಗ ಒಂದೀಟು ನೋಡತೀ?" ಎಂದಳು.

"ಇದು ಹಾರ್ಟಿನ ಬಸ್ರಿ ಅಮ್ಮಾರ. ಬಾಯಿದು ಬ್ಯಾರೆ ಅದ, ಅದು ಈ ಕಡಿ ಬರಂಗಿಲ್ಲ."

ಆ ರಾತ್ರಿ ಅನ್ನಮ್ಮ ಅನ್ನದ ಅಗುಳು ನುಂಗುವಾಗ ಕಣ್ಣು ಮುಚ್ಚಿಕೊಂಡದ್ದನ್ನು ಜಗದೇವಪ್ಪ ನೋಡಿದ. ಹುಣ್ಣು ಬೆಳೆಯುತ್ತಿತ್ತು. ಅದಕ್ಕೆ ನಿಶ್ಚಯದ ಮುಹೂರ್ತ ಯಾರೂ ಹೇಳಿರಲಿಲ್ಲ.

ಬಸ್ಸು ಬರಬೇಕಾದರೆ ಸಾವುಗಳು ಬೇಕು, ಸಾವುಗಳಿಗೆ ಅವುಗಳ ಹೆಸರು ಬೇಕು. ಜಗದೇವಪ್ಪ ಬೆಳಿಗ್ಗೆ ಪೂಜೆ ಮುಗಿಸಿ ಎದುರುಮನೆಯ ದುರಗಪ್ಪನ ಹತ್ತಿರ ಹೋದ. ದುರಗಪ್ಪನ ತಾಯಿ ಹೋಗಿ ಎರಡು ವರ್ಷವಾಗಿತ್ತು.

"ನಿಮ್ಮವ್ವಗ ಏನಾಗಿತ್ತು ಅಂತ ಯಾದಗಿರಿಯವ್ರಿಗಿ ಖರೇ ಹೇಳಿಬಿಡೂಣೇನಪಾ?"

"ಏನಾಗಿತ್ರಿ? ಹಾರ್ಟ್."

"ಹೊಟ್ಟಿಯೊಳಗ ಗಡ್ಡಿ ಆಗಿತ್ತಲ್ಲೋ."

"ಗಡ್ಡಿ ಇತ್ರಿ. ಖರೇ. ಆದ್ರ ಅದಕ್ಕ ಹಾರ್ಟ್ ಅಂತ ಹೆಸರಿಟ್ಟವ್ರು ನೀವ. ನಮ್ಮ ಕಟ್ಟಿ ಮ್ಯಾಲ ಕುಂತು, ಎರಡ ಕಪ್ ಚಾ ಕುಡದು ಇಟ್ಟೀರಿ." ದುರಗಪ್ಪನಿಗೆ ನಗು ತಡೆಯಲಾಗಲಿಲ್ಲ. "ಈಗ ತಗೀಬೇಕಂದ್ರ ಮೊದಲು ನಿಮ್ಮಣ್ಣಾರದು ತಗೀರಿ ಸಾವ್ಕಾರ್ರ. ಹಿಂದಿಂದ ನಾವು ಬರ್ತೀವಿ."

"ಸೋಮವಾರ ಕಸ್ತೂರಿ ನಿಶ್ಚಯ ಅದ."

"ಮತ್ತ ನನ್ನ ತಂಗೀದು ದೀಪಾವಳಿಗಿ ಅದರಿ."

ಹೋದ ಮನೆಗಳಲ್ಲೆಲ್ಲ ಒಂದೇ ಉತ್ತರ ಸಿಕ್ಕಿತು. ಜಗದೇವಪ್ಪ ಕಟ್ಟಿದ ಊರು ಬಹಳ ಗಟ್ಟಿಯಾಗಿ ನಿಂತಿತ್ತು.

ಸೋಮವಾರ ಸುರಪುರದಿಂದ ಬೀಗರು ಬಂದರು. ಹುಡುಗನ ತಂದೆ ವಿಶ್ವರಾಧ್ಯ ಎತ್ತರದ ಆಳು, ಮಾತೂ ಎತ್ತರದ್ದು. ಮಂಚದ ಮೇಲೆ ಕೂತವನು ಎರಡೂ ಮನೆತನಗಳ ಆರೋಗ್ಯವನ್ನು ಅಕ್ಕಪಕ್ಕ ಇಟ್ಟು ನೋಡತೊಡಗಿದ. ತಮ್ಮ ಮನೆಯಲ್ಲಿ ಸಕ್ಕರೆ ಕಾಯಿಲೆಯಿಲ್ಲ, ಮೂರ್ಛೆಯಿಲ್ಲ, ಆ ಇನ್ನೊಂದಂತೂ ಏಳು ತಲೆಮಾರಿನಲ್ಲಿ ಇಲ್ಲ.

"ನಿಮ್ಮಣ್ಣಾರು ಏನಾಗಿ ಹೋದ್ರಿ ಬೀಗ್ರ?"

"ಹಾರ್ಟ್" ಎಂದ ಜಗದೇವಪ್ಪ.

"ನಮ್ಮವ್ವನೂ ಹಾರ್ಟ್. ಒಳ್ಳೆ ಸಾವರಿ ಅದು. ಯಾರಿಗೂ ತಕಲೀಫ್ ಇಲ್ಲ."

ಒಳಗೆ ಹೆಂಗಸರ ಪಂಕ್ತಿ ಕೂತಿತ್ತು. ವಿಶ್ವರಾಧ್ಯನ ಹೆಂಡತಿ ಮಲ್ಲೇಶ್ವರಿ ಹೋಳಿಗೆ ಮುರಿಯುತ್ತ ಪಕ್ಕದ ಅನ್ನಮ್ಮನ ತಾಟನ್ನೇ ನೋಡುತ್ತಿದ್ದಳು. ಅನ್ನಮ್ಮ ಹೋಳಿಗೆಯ ಒಂದು ಚೂರನ್ನು ಹಾಲಿನಲ್ಲಿ ನೆನೆಹಾಕಿ, ಬೆರಳಿನಿಂದ ಹಿಚುಕಿ, ಬಲಗಡೆಯ ದವಡೆಗೆ ಹಾಕಿಕೊಂಡಳು.

"ನಮ್ಮತ್ತಿ ಹಿಂಗ ಉಣತಿದ್ರು, ಕಡೀಕ" ಎಂದಳು ಮಲ್ಲೇಶ್ವರಿ ಮೆಲ್ಲಗೆ.

"ಏನಾಗಿತ್ರಿ ಅವ್ರಿಗಿ?"

"ಹಾರ್ಟ್."

ಅನ್ನಮ್ಮ ಅವಳ ಮುಖ ನೋಡಿದಳು. "ಹಾರ್ಟಿಗಿ ಹೋಳಗಿ ಹಿಚಗಬೇಕಾಗತದೇನ್ರಿ?"

ಮಲ್ಲೇಶ್ವರಿ ಕೈ ತೊಳೆದು ಬಂದಳು. ಅನ್ನಮ್ಮನ ಗದ್ದ ಹಿಡಿದು ಕಿಟಕಿಯ ಬೆಳಕಿನ ಕಡೆ ತಿರುಗಿಸಿ, "ಬಾಯಿ ತಗೀರಿ" ಎಂದಳು. ನೋಡಿದಳು. ನೋಡುತ್ತ ನೋಡುತ್ತ ಅವಳ ಕಣ್ಣು ತುಂಬಿದವು.

"ಎಷ್ಟ ದಿನಾ ಆಯ್ತು?"

"ಯುಗಾದಿಯಿಂದ."

"ನಮ್ಮತ್ತೀದು ನಾವು ಒಂದ ವರ್ಷ ಮುಚ್ಚಿಟ್ಟೀವ್ರಿ. ನಮ್ಮ ದೊಡ್ಡ ಮಗನ ಮದವಿ ಆಗಬೇಕಂತ. ಆಮ್ಯಾಲ ಒಯ್ಯೋದ್ರಾಗ ಡಾಕ್ಟ್ರು ಮನಿಗಿ ಒಯ್ರಿ ಅಂದ್ರು. ನೀವು ನಾಳಿ ನಡೀರಿ. ನಾ ಬರ್ತೀನಿ ಜೋಡಿ."

"ಮತ್ತ ಕಸ್ತೂರಿ?"

ಮಲ್ಲೇಶ್ವರಿ ಎದ್ದು ಪಡಸಾಲೆಗೆ ಬಂದಳು. ಗಂಡಸರು ಇನ್ನೂ ಹೃದಯಗಳ ಗುಣಗಾನದಲ್ಲಿದ್ದರು.

"ಕೇಳ್ರಿಲ್ಲಿ" ಎಂದಳು ಗಂಡನಿಗೆ. "ಬೀಗತಿ ಬಾಯಾಗ ನಮ್ಮತ್ತಿಗಿ ಆಗಿದ್ದ ಆಗ್ಯದ. ನಾ ನಾಳಿ ಅವ್ರನ್ನ ಕರಕೊಂಡು ಕಲಬುರ್ಗಿಗೆ ಹೋಗಾಕತ್ತೀನಿ. ಈ ಸಂಬಂಧ ಬ್ಯಾಡ ಅನ್ನೂದಿದ್ರ ಈಗ ಅನ್ರಿ. ಅಂದ್ರ ನಿಮ್ಮವ್ವ ಏನಾಗಿ ಸತ್ಲು ಅಂತ ನಾ ಇಲ್ಲೇ ಹೇಳತೀನಿ."

ಹೇಳುವುದು ಏನೂ ಉಳಿದಿರಲಿಲ್ಲ. ವಿಶ್ವರಾಧ್ಯ ರುಮಾಲು ಸರಿಮಾಡಿಕೊಂಡ, ಮತ್ತೊಮ್ಮೆ ಸರಿಮಾಡಿಕೊಂಡ. ಎರಡೂ ಮನೆಗಳ ಲೆಕ್ಕ ಸರಿಸಮ ಬಂದಿತ್ತು. ಹೆಚ್ಚು-ಕಡಿಮೆ ಇದ್ದರಲ್ಲವೇ ಸಂಬಂಧ ಮುರಿಯುವುದು.

"ವೀಳ್ಯ ತರ್ರಿ" ಎಂದ ಕಡೆಗೆ.

ಕಲಬುರ್ಗಿಯ ದವಾಖಾನೆಯಲ್ಲಿ ಬೀಗತಿಯರಿಬ್ಬರೂ ಬೆಂಚಿನ ಮೇಲೆ ಕೂತಾಗ ಅನ್ನಮ್ಮನಿಗೆ ಇದು ಶಹಾಪುರದ ಸಂತೆಯೇ ಅನ್ನಿಸಿತು. ಅದೇ ಮಾತು, ಅದೇ ಸೀರೆ. ವಡಗೇರಾದವರು, ಸುರಪುರದವರು, ಕಾಲುವೆಯ ಆಚೆಯ ಊರಿನವರು, ಎಲ್ಲರೂ ಮುಖದ ಮೇಲೆ ಸೆರಗನ್ನೋ ಟವೆಲನ್ನೋ ಎಳೆದುಕೊಂಡು ಕೂತಿದ್ದರು. ಯಾರನ್ನು ಕೇಳಿದರೂ ಸಂಬಂಧಿಕರನ್ನು ನೋಡಲು ಬಂದವರೇ. ದೇಶಕ್ಕೆ ಮಾದರಿಯಾದ ಊರುಗಳ ಆರೋಗ್ಯವಂತರು.

ಡಾಕ್ಟರು ಒಂದು ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಅದೇ ಬೇನೆ ಎಂದು ಬಂತು. ಆದರೆ ಇನ್ನೂ ಸಣ್ಣದು, ಕುತ್ತಿಗೆಗೆ ಇಳಿದಿಲ್ಲ, ಕೊಯ್ದು ತೆಗೆಯಬಹುದು ಎಂದರು. ತೆಗೆದರು. ಅನ್ನಮ್ಮನ ಎಡಗೆನ್ನೆ ಸ್ವಲ್ಪ ಒಳಗೆ ಹೋಯಿತು, ತಂಬಾಕು ಪೂರ್ತಿ ಹೋಯಿತು. ಮದುವೆಯನ್ನು ಮಾಘಕ್ಕೆ ಹಾಕೋಣ ಎಂದು ವಿಶ್ವರಾಧ್ಯನೇ ಹೇಳಿ ಕಳಿಸಿದ.

ಹೆಂಡತಿ ಅಂಬಲಿ ಕುಡಿಯುವಷ್ಟು ಚೇತರಿಸಿಕೊಂಡ ದಿನ ಜಗದೇವಪ್ಪ ಕಟ್ಟೆಯ ಮೇಲೆ ಕೂತು ಯಾದಗಿರಿಗೆ ಫೋನು ಹಚ್ಚಿದ. ಓಣಿಯಲ್ಲಿ ಮಂದಿ ಓಡಾಡುತ್ತಿದ್ದರು. ಅವನು ದನಿ ತಗ್ಗಿಸಲಿಲ್ಲ.

"ಮಲ್ಲಿನಾಥರ, ಹಿರೇಬೆಂಚಿಯಿಂದ ಜಗದೇವಪ್ಪ. ನಮ್ಮೂರಾಗ ಕ್ಯಾನ್ಸರ್ ಅದರಿ. ನನ್ನ ಹೇಣತಿಗೇ ಆಗಿತ್ತು, ಆಪರೇಶನ್ ಆಯ್ತು. ಆ ಬಸ್ ಕಳಸ್ರಿ."

"ಅಯ್ಯೋ, ಅಮ್ಮಾರು ಈಗ ಹೆಂಗದಾರ್ರಿ?"

"ಆರಾಮ ಅದಾಳ್ರಿ."

"ಹಂಗಾದ್ರ ಬರಕೊಳ್ಳಾಕ ಬರಂಗಿಲ್ರಿ ಸಾವ್ಕಾರ್ರ. ನಮ್ಮದು ಸಾವಿನ ಲೆಕ್ಕ. ಬದುಕಿದವ್ರನ್ನ ಅದರಾಗ ಹಿಡಿಯಂಗಿಲ್ಲ."

ಜಗದೇವಪ್ಪ ಎದೆಯ ಮೇಲಿನ ಲಿಂಗವನ್ನು ಅಂಗಿಯ ಮೇಲಿಂದಲೇ ಮುಟ್ಟಿಕೊಂಡ.

"ಸತ್ತವ್ರನ್ನ ಬರಕೋರಿ ಹಂಗಾದ್ರ. ಮೊದಲ್ನೇದು, ನಮ್ಮಣ್ಣ ಶಿವರಾಜಪ್ಪ. ಗಂಟಲ ಕ್ಯಾನ್ಸರ್."

"ಅವ್ರದು ಹಾರ್ಟ್ ಅಂತ ಅದಲ್ಲರಿ. ಈಗ ಬದಲ ಮಾಡಿದ್ರ ನಿಮ್ಮೂರ ಗೆರಿ ಕೆಡತದ. ಲೇಖನ ಬ್ಯಾರೆ ಅಚ್ಚಿಗಿ ಹೋಗ್ಯದ."

"ಕೆಡ್ಲಿ" ಎಂದ ಜಗದೇವಪ್ಪ. "ಬರಕೊಂಡ್ರೇನು? ಇನ್ನೂ ಹೆಸರು ಅವ."

ಎದುರುಮನೆಯ ಬಾಗಿಲಲ್ಲಿ ದುರಗಪ್ಪ ಬಂದು ನಿಂತಿದ್ದ. ಜಗದೇವಪ್ಪ ಫೋನನ್ನು ಅವನ ಕಡೆ ಚಾಚಿದ. ದುರಗಪ್ಪ ಒಮ್ಮೆ ಒಳಗೆ, ತಂಗಿಯ ಕಡೆ ತಿರುಗಿ ನೋಡಿದ. ಆಮೇಲೆ ಓಣಿ ದಾಟಿ ಬಂದು ಫೋನು ಇಸಿದುಕೊಂಡ.