ಜೌಗಿನಲ್ಲಿ ಮಲಗಿದವನಿಗೆ ಜಪ

“ಅವನನ್ನ ಎಲ್ಲಿ ಮಲಗಿಸಿದ್ದಾರೋ?”

ಬಾವಿಕಟ್ಟೆಗೆ ಒರಗಿದ್ದ ನೆರೆಮನೆಯ ಹೆಸ್ಟರ್ ನೀರನ್ನು ಕೇಳಿದಳೋ, ಗಾಳಿಯನ್ನು ಕೇಳಿದಳೋ. ಹಿಂದೆ ನಿಂತಿದ್ದ ನನ್ನನ್ನು ಅವಳು ನೋಡಿರಲಿಲ್ಲ. ನಾನು ಸದ್ದಿಲ್ಲದೆ ಮನೆಗೆ ತಿರುಗಿದೆ.

ಇಂಗ್ಲಿಷರ ಆಳ್ವಿಕೆಯ ವಿರುದ್ಧ ನಡೆದ ಕಾಳಗ ನಿಂತು ಒಂದು ಚಳಿಗಾಲ ಕಳೆದಿತ್ತು. ಕಾಳಗದ ಕೊನೆಯ ವಸಂತದಲ್ಲಿ ಬಂಡೆದ್ದ ನಮ್ಮ ಹುಡುಗರು ಅವಳ ಗಂಡ ಸೈಲಸ್‌ನನ್ನು ಉಳುತ್ತಿದ್ದ ಹೊಲದಿಂದಲೇ ಎಬ್ಬಿಸಿಕೊಂಡು ಹೋಗಿದ್ದರು. ಇಂಗ್ಲಿಷ್ ಸೈನಿಕರಿಗೆ ಸುದ್ದಿ ಮುಟ್ಟಿಸಿದನೆಂಬುದು ಆರೋಪ. ಮುಟ್ಟಿಸಿದ್ದನೋ ಇಲ್ಲವೋ ದೇವರಿಗೇ ಗೊತ್ತು. ಅವನು ಪ್ರಾಟೆಸ್ಟಂಟ್ ಎಂಬುದು ಮಾತ್ರ ಕ್ಯಾಥೊಲಿಕರೇ ತುಂಬಿದ ನಮ್ಮ ಊರಿಗೆಲ್ಲ ಗೊತ್ತಿತ್ತು. ಹೆಣ ಸಿಗಲೇ ಇಲ್ಲ. ಹೆಸ್ಟರ್ ಹೊಲ ಮಾರಿದ್ದಳು. ಶನಿವಾರ ಇಂಗ್ಲೆಂಡಿನ ಹಡಗು ಹತ್ತುವವಳು. ಗಂಡನನ್ನು ತಮ್ಮ ಚರ್ಚಿನ ಮಣ್ಣಿಗೆ ಸೇರಿಸದೆ ಹೋಗಬೇಕಾಯಿತಲ್ಲ ಎಂಬುದೇ ಅವಳ ಸಂಕಟ.

ಅಂದು ಸಂಜೆ ಜಪಸರಕ್ಕೆ ಸೇರಿದೆವು. ಬಾಗಿಲಿಗೆ ಬೆನ್ನು ಮಾಡಿ ಮಂಡಿಯೂರಿ, ಕುರ್ಚಿಯ ಮೇಲೆ ಮೊಣಕೈ ಇಡುವುದು ನಮ್ಮ ಪದ್ಧತಿ. ಜಪ ಮುಗಿದರೂ ಅಮ್ಮನದು ಮುಗಿಯುವುದಿಲ್ಲ. ತನ್ನವೇ ಬೇಡಿಕೆಗಳನ್ನು ಒಂದೊಂದಾಗಿ ಪೋಣಿಸುತ್ತಾಳೆ.

“ಜಪಕ್ಕಿಂತ ಅದರ ಬಾಲಾನೇ ಉದ್ದ ಆಯ್ತು, ಅಮ್ಮಾ,” ಎಂದ ಅಣ್ಣ ಕಾರ್ಮಕ್. “ಆಲೂಗಡ್ಡೆ ಆರಿ ಹೋಗ್ತಿದೆ.”

“ಸತ್ತೋರು ನಿನಗಿಂತ ಹಸಿದಿದ್ದಾರೆ. ತಡ್ಕೋ.”

ಅಮ್ಮ ಸತ್ತವರನ್ನು ಅವರವರು ಮಲಗಿದ ಜಾಗ ಹಿಡಿದು ನೆನೆಯುತ್ತಿದ್ದಳು. ಎಳವೆಯಿಂದ ಅದನ್ನು ಪದ್ಯ ಕೇಳಿದಂತೆ ಕೇಳಿದ್ದೇನೆ.

“ಕಡಲ ತಳದಲ್ಲಿರೋ ನನ್ನ ತಮ್ಮನಿಗೆ ಬೆಳಕಾಗಲಿ. ಬಾಸ್ಟನ್ನಿನ ಮಣ್ಣಲ್ಲಿರೋ ನಮ್ಮತ್ತೆಗೆ ಬೆಳಕಾಗಲಿ. ಡೆರಿಬಾನ್ ಜೌಗಿನ ಒಂಟಿ ಮುಳ್ಳುಮರದಡಿ ಶಿಲುಬೆಯಿಲ್ಲದೆ ಮಲಗಿರೋನಿಗೆ ಬೆಳಕಾಗಲಿ.”

ಕೊನೆಯ ಸಾಲು ಒಂದು ವರ್ಷದಿಂದ ಸೇರಿಕೊಂಡದ್ದು. ಆ ಜೌಗಿನಲ್ಲಿ ಅಡಗಿದ್ದ ಹುಡುಗರಿಗೆ ಬುಟ್ಟಿಯಲ್ಲಿ ರೊಟ್ಟಿ ಹೊತ್ತವಳು ಅಮ್ಮ. ಅಗೆದು ಮುಚ್ಚಿದ ಹಸಿಮಣ್ಣು ಅವಳ ಕಣ್ಣಿಗೆ ಬಿದ್ದಿತ್ತು. ಅಲ್ಲಿರುವುದು ಯಾರೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನಾವು ದಿನವೂ ಆಮೆನ್ ಎನ್ನುತ್ತಿದ್ದೆವು, ಅಣ್ಣನೂ ಎನ್ನುತ್ತಿದ್ದ.

ಹಿಂದೆ ಕೋಳಿಯೊಂದು ರೆಕ್ಕೆ ಬಡಿಯಿತು. ತಿರುಗಿದರೆ, ಹೊರಡುವ ಮುನ್ನ ತನ್ನ ಕೋಳಿಗಳನ್ನು ನಮಗೆ ಕೊಡಲೆಂದು ಬಂದ ಹೆಸ್ಟರ್. ಪ್ರಾರ್ಥನೆ ಕೆಡಬಾರದೆಂದು ಹೊಸ್ತಿಲಲ್ಲೇ ನಿಂತಿದ್ದಾಳೆ.

“ಮುಳ್ಳುಮರದಡಿ ಯಾರು, ಹನೋರಾ?” ಎಂದು ಅಮ್ಮನನ್ನು ಕೇಳಿದಳು.

“ವಯಸ್ಸಾಯ್ತು, ಏನೇನೋ ಬಡಬಡಿಸ್ತಾಳೆ,” ಎಂದ ಅಣ್ಣ. “ಕೋಳಿ ಅಲ್ಲಿಟ್ಟು ಹೋಗಮ್ಮ.”

“ನಿನ್ನನ್ನ ಕೇಳಲಿಲ್ಲ ನಾನು. ನಿನ್ನ ತೊಟ್ಟಿಲು ತೂಗಿದ ಕೈಯಪ್ಪ ಇದು. ಹನೋರಾ, ನಿನ್ನನ್ನ ಕೇಳ್ತಿದ್ದೀನಿ.”

ಅಮ್ಮ ಕುರ್ಚಿಯಿಂದ ಮುಖವೆತ್ತಲಿಲ್ಲ. ಅಣ್ಣ ಅವಳ ಕಿವಿಯ ಹತ್ತಿರ ಬಾಗಿದ. ಪಕ್ಕದ ಕುರ್ಚಿಗೆ ಒರಗಿದ್ದ ನನಗೆ ಅವನ ಪಿಸುಮಾತು ಕೇಳಿಸಿತು.

“ಹಳೇ ಬರಗಾಲದಲ್ಲಿ ಸತ್ತ ಯಾರೋ ಪರದೇಶಿ ಅಂತ ಹೇಳಿಬಿಡಮ್ಮ. ಮೂಳೆ ಮೇಲೆ ಬಂತು ಅಂದ್ರೆ ಅಗೆದವರ ಹೆಸರೂ ಬರುತ್ತೆ. ಅದರಲ್ಲಿ ನಾನಿದ್ದೀನಿ. ನಿನ್ನ ಕಾಲಿಗೆ ಬೀಳ್ತೀನಿ. ಜಪಸರ ಮುಟ್ಟಿ ಒಂದು ಮಾತು ಹೇಳು, ಶನಿವಾರ ಅವಳು ಹೋಗ್ತಾಳೆ.”

ಅಮ್ಮ ಕುರ್ಚಿ ಹಿಡಿದು ಮೆಲ್ಲಗೆ ಎದ್ದಳು. ಮಂಡಿ ನೋವಿಗೆ ಒಮ್ಮೆ ಮುಖ ಕಿವುಚಿದಳು. ಮಾತಾಡಿದ್ದು ಅಣ್ಣನೊಡನೆ, ನೋಡಿದ್ದು ಹೆಸ್ಟರ್‌ಳನ್ನು.

“ರೊಟ್ಟಿ ಹೊರು ಅಂದ್ರಿ, ಹೊತ್ತೆ. ಬಾಯಿ ಮುಚ್ಕೋ ಅಂದ್ರಿ, ಮುಚ್ಕೊಂಡೆ. ಜಪಸರ ಮುಟ್ಟಿ ಈ ಸುಳ್ಳು ಮಾತ್ರ ಹೇಳಲ್ಲ, ಮಗಾ.”